ಯೀಸ್ಟ್ ಕೋಶ ಡಿಎನ್‌ಎಯನ್ನು ಒಂದೇ ಸಲ ನಕಲು ಮಾಡುವುದು ಹೇಗೆ?

ಬ್ರೆಡ್ಡಿಗೆ ಹಾಕುವ ಯೀಸ್ಟ್ (ಸ್ಯಾಕರೋಮೈಸಿಸ್ ಸೆರೆವಿಸಿಯೆ) ಒಳ್ಳೆಯ ಆಹಾರ ಸಿಕ್ಕರೆ ಸುಮಾರು 90 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅಷ್ಟರೊಳಗೆ 16 ವರ್ಣತಂತುಗಳ ಸುಮಾರು 1.2 ಕೋಟಿ ಬೇಸ್ ಜೋಡಿಗಳು ನಕಲಾಗಬೇಕು. ಒಂದು ತುಂಡೂ ಬಿಟ್ಟುಹೋಗಬಾರದು, ಯಾವುದೂ ಎರಡು ಸಲ ನಕಲಾಗಬಾರದು. ನಕಲು ಶುರುವಾಗುವ ತಾಣಗಳೇ ನೂರಾರು ಇವೆ. ಯಾವುದು ಮುಗಿಯಿತು, ಯಾವುದು ಬಾಕಿ ಅಂತ ಕೋಶಕ್ಕೆ ಗೊತ್ತಾಗಬೇಕಲ್ವಾ?

ಕೋಶ ಲೆಕ್ಕ ಇಡುವುದಿಲ್ಲ. ತಾಣವನ್ನು ಸಜ್ಜು ಮಾಡುವುದು, ಚಾಲೂ ಮಾಡುವುದು ಎರಡನ್ನೂ ಬೇರೆ ಬೇರೆ ಹೊತ್ತಿಗೆ ಮಾಡುತ್ತದೆ. ಪಾಠದ ತಿರುಳು ಇಷ್ಟೇ.

ಸಜ್ಜು ಮಾಡುವುದು ಜಿ1 ಹಂತದಲ್ಲಿ, ಅಂದರೆ ನಕಲಿಗೆ ಮುಂಚಿನ ಹಂತದಲ್ಲಿ. ಓಆರ್‌ಸಿ ಎಂಬ ಆರು ಪ್ರೋಟೀನುಗಳ ಗುಂಪು ತಾಣದ ಮೇಲೆ ಕೂತೇ ಇರುತ್ತದೆ. ಸಿಡಿಸಿ6, ಸಿಡಿಟಿ1 ಎಂಬ ಪ್ರೋಟೀನುಗಳು ಬಂದು ಸೇರಿದಾಗ ಎಂಸಿಎಂ ಎಂಬ ಎರಡು ಉಂಗುರಗಳು ಎದುರುಬದುರಾಗಿ ಡಿಎನ್‌ಎ ಮೇಲೆ ಏರುತ್ತವೆ. ಮುಂದೆ ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುವ ಕಿಣ್ವವಾದ ಹೆಲಿಕೇಸಿನ ತಿರುಳೇ ಈ ಉಂಗುರ. ಸದ್ಯಕ್ಕೆ ಸುಮ್ನೆ ಕೂತಿರುತ್ತದೆ.

ಆಗ ಎಸ್ ಹಂತದ (ನಕಲು ನಡೆಯುವ ಹಂತ) ಸಿಡಿಕೆ ಕೈನೇಸನ್ನು (ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಸಿಕ್1 ಎಂಬ ಪ್ರೋಟೀನ್ ಹಿಡಿದಿಟ್ಟಿರುತ್ತದೆ. ಕೋಶ ಸಾಕಷ್ಟು ಬೆಳೆದ ಮೇಲೆ ಸಿಕ್1 ನಾಶವಾಗುತ್ತದೆ, ಸಿಡಿಕೆ ಕೆಲಸ ಶುರು ಮಾಡುತ್ತದೆ. ಅದರ ಜೊತೆಗೆ ಡಿಡಿಕೆ ಎಂಬ ಇನ್ನೊಂದು ಕೈನೇಸೂ ಸೇರಿದಾಗ ತಾಣಗಳು ಚಾಲೂ ಆಗುತ್ತವೆ. ಹೆಚ್ಚುಕಡಿಮೆ ಇದೇ ಹೊತ್ತಿಗೆ ತಾಯಿ ಕೋಶದ ಮೇಲೆ ಪುಟ್ಟ ಮೊಗ್ಗು ಮೂಡುತ್ತದೆ. ಹಾಗಾಗಿ ಮೊಗ್ಗಿನ ಗಾತ್ರ ನೋಡಿಯೇ ಕೋಶ ಯಾವ ಹಂತದಲ್ಲಿದೆ ಎಂದು ಅಂದಾಜು ಮಾಡಬಹುದು.

ಈಗ ಚೆಂದದ ಭಾಗ. ನಕಲು ಶುರು ಮಾಡಿಸುವ ಸಿಡಿಕೆಯೇ ಮತ್ತೆ ಸಜ್ಜಾಗುವ ದಾರಿಯನ್ನೂ ಮುಚ್ಚುತ್ತದೆ. ಸಿಡಿಸಿ6ಕ್ಕೆ ಫಾಸ್ಫೇಟ್ ಅಂಟಿಸಿ ಅದನ್ನು ನಾಶಕ್ಕೆ ತಳ್ಳುತ್ತದೆ. ಬಿಡಿಯಾಗಿರುವ ಎಂಸಿಎಂಗಳನ್ನು ನ್ಯೂಕ್ಲಿಯಸ್ಸಿನಿಂದ ಹೊರಗೆ ಕಳಿಸುತ್ತದೆ. ಓಆರ್‌ಸಿಯನ್ನೂ ತಡೆಯುತ್ತದೆ. ಒಂದು ಬೀಗ ಸಾಲದೇ? 2001ರಲ್ಲಿ ಜೋಕಿಮ್ ಲೀ ತಂಡ ತೋರಿಸಿದ್ದು ಇದನ್ನೇ: ಮೂರೂ ತಡೆಗಳನ್ನು ಒಟ್ಟಿಗೆ ಕೆಡಿಸಿದಾಗ ಕೋಶ ಅದೇ ಸುತ್ತಿನಲ್ಲಿ ಡಿಎನ್‌ಎಯನ್ನು ಮತ್ತೆ ನಕಲು ಮಾಡತೊಡಗಿತು.

ಸಿಡಿಕೆ ಇಳಿಯುವುದು ವರ್ಣತಂತುಗಳು ಬೇರೆಯಾದ ಮೇಲೆಯೇ. ಎಪಿಸಿ ಎಂಬ ಪ್ರೋಟೀನುಗಳ ಗುಂಪು, ಸಿಡಿಕೆ ಕೆಲಸ ಮಾಡಲು ಬೇಕಾದ ಸೈಕ್ಲಿನ್ ಪ್ರೋಟೀನುಗಳನ್ನು ನಾಶಕ್ಕೆ ಗುರುತು ಮಾಡುತ್ತದೆ, ಸಿಡಿಸಿ14 ಎಂಬ ಕಿಣ್ವ ಸಿಡಿಕೆ ಅಂಟಿಸಿದ ಫಾಸ್ಫೇಟ್‌ಗಳನ್ನು ಕಳಚುತ್ತದೆ, ಸಿಕ್1 ಮರಳಿ ಬರುತ್ತದೆ. ಅಂದರೆ ವಿಭಜನೆ ಮುಗಿಯದೆ ಮುಂದಿನ ನಕಲಿಗೆ ಅಪ್ಪಣೆ ಇಲ್ಲ. ಪರೀಕ್ಷೆಯಲ್ಲಿ ಪ್ರೋಟೀನುಗಳ ಪಟ್ಟಿಗಿಂತ ಈ ಏರಿಳಿತ ಬರೆಯುವುದೇ ಮುಖ್ಯ.

ತಿರುಗಿ ನೋಡಿದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಡಿಎನ್‌ಎ ಕೆಟ್ಟಿದ್ದರೆ ವಿಭಜನೆ ಕಾಯುತ್ತದೆಯೇ? 1988ರಲ್ಲಿ ಟೆಡ್ ವೀನರ್ಟ್ ಮತ್ತು ಲೀಲ್ಯಾಂಡ್ ಹಾರ್ಟ್‌ವೆಲ್ ಯೀಸ್ಟಿಗೆ ಎಕ್ಸ್‌ರೇ ಕೊಟ್ಟು ನೋಡಿದರು. ಸಾಮಾನ್ಯ ಕೋಶಗಳು ದೊಡ್ಡ ಮೊಗ್ಗಿನ ಹಂತದಲ್ಲಿ ನಿಂತು ರಿಪೇರಿ ಮಾಡಿಕೊಂಡವು. ರಾಡ್9 ಜೀನ್ ಇಲ್ಲದವು ನಿಲ್ಲದೆ ವಿಭಜನೆಯಾಗುತ್ತಾ ಹೋಗಿ ಸತ್ತವು. ಅಂಥ ಕೋಶಗಳನ್ನೇ ಮೈಕ್ರೋಟ್ಯೂಬ್ಯೂಲ್ (ವಿಭಜನೆಯಲ್ಲಿ ವರ್ಣತಂತುಗಳನ್ನು ಬೇರೆ ಮಾಡುವ ಸಣ್ಣ ನಾಳಗಳು) ಕಟ್ಟದಂತೆ ಮಾಡುವ ಔಷಧಿಯಿಂದ ಸ್ವಲ್ಪ ಹೊತ್ತು ನಿಲ್ಲಿಸಿದಾಗ ಜಾಸ್ತಿ ಕೋಶಗಳು ಬದುಕಿದವು. ರಿಪೇರಿ ಮಾಡುವ ಶಕ್ತಿ ಅವಕ್ಕೆ ಮೊದಲೇ ಇತ್ತು, ಬೇಕಾಗಿದ್ದದ್ದು ಸಮಯ.