ದೇವರ ಸ್ವರೂಪದಲ್ಲಿ ಉಂಟಾದ ಮನುಷ್ಯನು ಮನುಷ್ಯನನ್ನೇ ಪೀಡಿಸುವುದೇಕೆ?

ಪ್ರಶ್ನೆ: ಮನುಷ್ಯರೆಲ್ಲರೂ ದೇವರ ಸ್ವರೂಪದಲ್ಲಿ ಸೃಷ್ಟಿಯಾದವರೆಂದು ಸತ್ಯವೇದ (ಬೈಬಲ್) ಹೇಳುತ್ತದೆ. ಹಾಗಿದ್ದರೆ ಒಬ್ಬರು ಮತ್ತೊಬ್ಬರನ್ನು ಇಷ್ಟು ನಿರ್ದಯವಾಗಿ ನಡೆಸಿಕೊಳ್ಳುವುದೇಕೆ?

ಉತ್ತರ: ಎಲ್ಲವನ್ನೂ ಸೈತಾನನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ಸತ್ಯವೇದದ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರ ಅದಕ್ಕೆ ಅವಕಾಶ ಕೊಡುವುದಿಲ್ಲ. ಜಗಳಗಳು ಎಲ್ಲಿಂದ ಹುಟ್ಟುತ್ತವೆ ಎಂದು ಅದು 4ನೇ ಅಧ್ಯಾಯದಲ್ಲಿ ತಾನೇ ಕೇಳಿ, ನಿಮ್ಮೊಳಗೆ ಹೋರಾಡುವ ಆಸೆಗಳಿಂದಲೇ ಎಂದು ಉತ್ತರಿಸುತ್ತದೆ. ಆಸೆಯೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ದೇವರ ಕಡೆಗೂ ನೆರೆಯವರ ಕಡೆಗೂ ಹರಿಯಬೇಕಾದ ಪ್ರೀತಿಯು ದಿಕ್ಕು ತಪ್ಪಿದಾಗ ಅದು ಇತರರ ಮೇಲೆ ಅಧಿಕಾರ ನಡೆಸುವ ಹಂಬಲವಾಗುತ್ತದೆಂದು ಪ್ರಾಚೀನ ಸಭೆಯ ದೇವಶಾಸ್ತ್ರಜ್ಞ ಆಗಸ್ಟೀನ್ (354–430) ಕಂಡುಕೊಂಡರೆ, ಪಾಪಿಯು ತನ್ನೊಳಗೇ ಬಾಗಿ ಮುದುಡಿಕೊಂಡವನೆಂದು ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1515–16ರ ತಮ್ಮ ಉಪನ್ಯಾಸಗಳಲ್ಲಿ ವಿವರಿಸಿದರು. ಮೊದಲ ಮನುಷ್ಯನಾದ ಆದಾಮನ ಪಾಪದ ಫಲ ಮನುಷ್ಯಕುಲಕ್ಕೆ ಹೇಗೆ ಬಂತೆಂಬ ವಿಷಯದಲ್ಲಿ ಪಶ್ಚಿಮದ ಸಭೆಗಳಿಗೂ ಪೂರ್ವದ ಆರ್ಥೊಡಾಕ್ಸ್ ಸಭೆಗಳಿಗೂ ಒಮ್ಮತವಿಲ್ಲ. ಆ ಚರ್ಚೆ ಇಲ್ಲಿ ಬೇಡ.

ತನ್ನೊಳಗೇ ಬಾಗಿದವನಿಗೆ ಎದುರಿಗಿರುವವನ ಮುಖ ಕಾಣುವುದಿಲ್ಲ, ದನಿ ಕೇಳಿಸುವುದಿಲ್ಲ. ಇದನ್ನು ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ 37ನೇ ಅಧ್ಯಾಯದಷ್ಟು ಹತ್ತಿರದಿಂದ ತೋರಿಸುವ ಭಾಗ ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ. ತಂದೆಯ ಪ್ರೀತಿ ತಮ್ಮನಾದ ಯೋಸೇಫನಿಗೇ ಹೆಚ್ಚಾಗಿ ಸಲ್ಲುತ್ತಿದೆ ಎಂಬ ಅಣ್ಣಂದಿರ ಸಂಕಟ ಸುಳ್ಳೇನಲ್ಲ. ಅವರ ತಂದೆ ಯಾಕೋಬನು (ಪತ್ರದ ಯಾಕೋಬನಲ್ಲ) ನಿಜವಾಗಿಯೂ ಪಕ್ಷಪಾತಿಯಾಗಿದ್ದನು. (ಅನ್ಯಾಯ ಮಾಡುವವರು ಅನೇಕ ವೇಳೆ ತಾವೂ ನೊಂದವರೇ ಆಗಿರುತ್ತಾರೆ ಎಂಬುದನ್ನು ಸತ್ಯವೇದ ಮುಚ್ಚಿಡುವುದಿಲ್ಲ, ಆದರೆ ಅದನ್ನು ನೆಪವಾಗಿಯೂ ಒಪ್ಪುವುದಿಲ್ಲ.) ಅವರು 17 ವರ್ಷದ ತಮ್ಮನ ನಿಲುವಂಗಿಯನ್ನು ಕಿತ್ತುಕೊಂಡು, ನೀರಿಲ್ಲದ ಗುಂಡಿಗೆ ಅವನನ್ನು ತಳ್ಳಿ, ಊಟಕ್ಕೆ ಕುಳಿತರು. ಗುಂಡಿಯೊಳಗಿನ ಕೂಗಿನ ಬಗ್ಗೆ ಆ ಅಧ್ಯಾಯ ಒಂದು ಮಾತನ್ನೂ ಹೇಳುವುದಿಲ್ಲ. ಅದು ನಮಗೆ ತಿಳಿಯುವುದು 42ನೇ ಅಧ್ಯಾಯದಲ್ಲಿ, ಸುಮಾರು 20 ವರ್ಷಗಳ ಬಳಿಕ ಐಗುಪ್ತದಲ್ಲಿ (ಈಜಿಪ್ಟ್‌ನಲ್ಲಿ) ತಾವೇ ಸಿಕ್ಕಿಬಿದ್ದ ಅಣ್ಣಂದಿರು, ಅವನು ಅಂಗಲಾಚಿ ಬೇಡಿಕೊಂಡರೂ ನಾವು ಕಿವಿಗೊಡಲಿಲ್ಲವಲ್ಲ ಎಂದು ತಮ್ಮತಮ್ಮಲ್ಲಿ ಹೇಳಿಕೊಂಡಾಗ.

ದೇವರ ಸ್ವರೂಪವು ಮನುಷ್ಯನಲ್ಲಿ ಪೂರ್ತಿ ಅಳಿದುಹೋಗಿಲ್ಲವೆಂದು ಕ್ರೈಸ್ತರು ನಂಬುವುದು ಮನಸ್ಸಾಕ್ಷಿ ಹೀಗೆ ಎಚ್ಚರಗೊಳ್ಳುವ ಇಂಥ ಕಡೆಗಳನ್ನು ನೋಡಿ ಕೂಡ. ಆದಾಮನ ಮಗನಾದ ಕಾಯಿನನು ತನ್ನ ತಮ್ಮನಾದ ಹೇಬೆಲನನ್ನು ಕೊಲ್ಲುವ ಮೊದಲೇ ದೇವರು ಅವನನ್ನು ಎಚ್ಚರಿಸಿ, ಬಾಗಿಲಲ್ಲಿ ಹೊಂಚುಹಾಕಿರುವ ಪಾಪವನ್ನು ನೀನು ಆಳಬೇಕು ಎಂದದ್ದು ಕೂಡ, ಅವನಿಂದ ಬೇರೇನನ್ನೋ ನಿರೀಕ್ಷಿಸಬಹುದಾಗಿತ್ತೆಂಬ ಕಾರಣದಿಂದಲೇ. ಆದರೂ ಆ ಬಾಗಿದ ಮನಸ್ಸು ಸ್ವಪ್ರಯತ್ನದಿಂದಲೇ ನೆಟ್ಟಗಾಗುತ್ತದೆಂದು ಕ್ರೈಸ್ತ ನಂಬಿಕೆ ಹೇಳುವುದಿಲ್ಲ. ತಾನು ಮೆಚ್ಚುವ ಒಳ್ಳೆಯದನ್ನು ಮಾಡದೆ ಮೆಚ್ಚದ ಕೆಟ್ಟದ್ದನ್ನೇ ಮಾಡುತ್ತೇನೆಂದು ಅಪೊಸ್ತಲ ಪೌಲನೇ ರೋಮಾಪುರದವರಿಗೆ ಬರೆದನು, ಬಿಡುಗಡೆಯನ್ನು ಕ್ರಿಸ್ತನಲ್ಲಿ ಕಂಡನು.

ಗುಂಡಿಯಲ್ಲಿದ್ದ ಯೋಸೇಫನನ್ನು ಅಣ್ಣಂದಿರು 20 ಬೆಳ್ಳಿಯ ನಾಣ್ಯಕ್ಕೆ ಮಾರಿದರು; ಮಾರಲು ಸೂಚಿಸಿದವನು ಅವರಲ್ಲೊಬ್ಬನಾದ ಯೆಹೂದನು. ಮುಂದೆ ಕಿರಿಯವನಾದ ಬೆನ್ಯಾಮೀನನು ಐಗುಪ್ತದಲ್ಲಿ ಗುಲಾಮನಾಗಿ ಉಳಿಯಬೇಕಾಗಿ ಬಂದಾಗ, ಹುಡುಗನನ್ನು ಮನೆಗೆ ಕಳುಹಿಸಿ, ಅವನ ಬದಲಿಗೆ ನನ್ನನ್ನು ಇಟ್ಟುಕೊಳ್ಳಿರಿ ಎಂದು ಬೇಡಿಕೊಂಡವನೂ ಅದೇ ಯೆಹೂದನು.