ಫೋಟೊದಲ್ಲಿ ಬಾರದ ವಾಸನೆ

ರಾತ್ರಿ ಹತ್ತರ ಹೊತ್ತಿಗೆ ಅಡುಗೆಮನೆಯ ಹಸಿ ಕಸದಿಂದ ಮನೆಯಲ್ಲೇ ಗೊಬ್ಬರ ಮಾಡುವ ಬೆಂಗಳೂರಿನವರ ಯಾವುದೇ ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಸಂದೇಶ ಹೆಚ್ಚುಕಡಿಮೆ ಹೀಗಿರುತ್ತದೆ: ‘ಅಕ್ಕಾ, ಬಕೆಟ್ ನಾರ್ತಾ ಇದೆ, ಏನ್ ಮಾಡ್ಲಿ?’ ಜೊತೆಗೊಂದು ಫೋಟೊ. ಅದರಲ್ಲಿ ಕಾಣುವುದು ಮೇಲ್ಪದರದ ಬಾಳೆಹಣ್ಣಿನ ಸಿಪ್ಪೆ ಮಾತ್ರ. ಕೆಡುವುದು ಒಳಗೆ, ತಳದಲ್ಲಿ. ಅದರ ಗುರುತು ವಾಸನೆ, ವಾಸನೆಯನ್ನು ಮೊಬೈಲ್ ದಾಟಿಸುವುದಿಲ್ಲ. ಹಾಗಾಗಿ ಗುಂಪಿನ ಹಳಬರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಯಾವ ವಾಸನೆ?’

ಈ ಪ್ರಶ್ನೆಯ ಹಿಂದೆ ಪೂರ್ತಿ ರಸಾಯನಶಾಸ್ತ್ರವೇ ಇದೆ.

ಕೊಳೆತ ಮೊಟ್ಟೆಯ ವಾಸನೆ ಎಂದರೆ ಬಕೆಟ್ಟಿನೊಳಗೆ ಗಾಳಿ ಆಡುತ್ತಿಲ್ಲ ಎಂದು ಅರ್ಥ. ಕಸ ನೀರುಂಡು ಮುದ್ದೆಯಾದಾಗ ಆಮ್ಲಜನಕ ಬೇಡದ ಸೂಕ್ಷ್ಮಜೀವಿಗಳು ಕೆಲಸ ಹಿಡಿಯುತ್ತವೆ. ಎಲೆಕೋಸು, ಈರುಳ್ಳಿ, ಬೇಳೆಗಳಲ್ಲಿರುವ ಗಂಧಕ ಅವುಗಳ ಕೈಯಲ್ಲಿ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಗಾಳಿಯ ನೂರು ಕೋಟಿ ಅಣುಗಳಲ್ಲಿ ಈ ಅನಿಲದ ಕೆಲವೇ ಅಣುಗಳಿದ್ದರೂ ನಮ್ಮ ಮೂಗು ಹಿಡಿದುಬಿಡುತ್ತದೆ. ಅಂದರೆ ಮನೆಯೆಲ್ಲ ನಾರುವುದಕ್ಕೆ ಬಕೆಟ್ ಪೂರ್ತಿ ಕೆಡಬೇಕಿಲ್ಲ, ತಳದ ಒಂದು ಗಡ್ಡೆ ಸಾಕು. ಪರಿಹಾರ: ಎಲ್ಲವನ್ನೂ ಹಾಳೆಯ ಮೇಲೆ ಸುರುವಿ, ಗಡ್ಡೆ ಒಡೆದು, ಅಷ್ಟೇ ಪ್ರಮಾಣದ ತರಗೆಲೆ ಬೆರೆಸಿ, ತಳದ ತೂತು ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಚುಚ್ಚಿ ಬಿಡಿಸಿ, ಮತ್ತೆ ತುಂಬುವುದು. ಎರಡು ದಿನದಲ್ಲಿ ನಾತ ಇಳಿಯುತ್ತದೆ.

ಮೂತ್ರದಂತೆ ಮೂಗಿಗೆ ಚುಚ್ಚುವ ವಾಸನೆಯಾದರೆ ಅದು ಅಮೋನಿಯಾ. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಹಿತ. ತರಕಾರಿ ಸಿಪ್ಪೆಯಲ್ಲಿ ಇಂಗಾಲ ಸುಮಾರು 15ರಿಂದ 20 ಪಾಲಷ್ಟೇ. ಉಳಿದುಹೋದ ಸಾರಜನಕವನ್ನು ಅವು ಅಮೋನಿಯಾ ರೂಪದಲ್ಲಿ ಹೊರಹಾಕುತ್ತವೆ. ತರಗೆಲೆಯಲ್ಲಿ ಇಂಗಾಲದ ಪಾಲು ಐವತ್ತರ ಆಸುಪಾಸು ಇರುವುದರಿಂದ ಎರಡನ್ನೂ ಬೆರೆಸಿದರೆ ಲೆಕ್ಕ ಸರಿಹೋಗುತ್ತದೆ. ತೂಕ ಹಾಕಿ ಕೂರುವ ಅಗತ್ಯವಿಲ್ಲ. ಒಂದು ಬಟ್ಟಲು ಹಸಿ ಕಸಕ್ಕೆ ಅದೇ ಬಟ್ಟಲಿನಲ್ಲಿ ಒಂದರಿಂದ ಎರಡು ಅಳತೆ ಪುಡಿಮಾಡಿದ ತರಗೆಲೆ ಹಾಕಿದರಾಯಿತು.

ಹುದುಗು ಹೆಚ್ಚಾದ ದೋಸೆ ಹಿಟ್ಟಿನಂಥ ಹುಳಿ ವಾಸನೆ ಮೂರನೆಯದು. ಮೊದಲ ವಾರ ಅದು ಸಹಜ. ಸಕ್ಕರೆ, ಪಿಷ್ಟಗಳು ಮೊದಲು ಒಡೆದು ಆಮ್ಲಗಳಾಗುತ್ತವೆ, ಆಮೇಲೆ ಬೇರೆ ಜೀವಿಗಳು ಆ ಆಮ್ಲವನ್ನೇ ತಿಂದು ಮುಗಿಸುತ್ತವೆ. ವಾರ ಕಳೆದರೂ ಹುಳಿ ಹೋಗಲಿಲ್ಲವೆಂದರೆ ಅನ್ನವೋ ಹಣ್ಣಿನ ಸಿಪ್ಪೆಯೋ ಅತಿಯಾಗಿದೆ.

ಗುಂಪುಗಳಲ್ಲಿ ನಡೆಯುವ ದೊಡ್ಡ ಜಗಳವೊಂದು ಇಲ್ಲೇ ಹುಟ್ಟುವುದು. ಒಬ್ಬರು ‘ಒಂದು ಹಿಡಿ ಒಲೆ ಬೂದಿ ಹಾಕಿ, ಸರಿಹೋಗುತ್ತೆ’ ಎನ್ನುತ್ತಾರೆ. ಇನ್ನೊಬ್ಬರು ‘ಬೂದಿ ಹಾಕಿ ನಮ್ಮದು ಇನ್ನೂ ಕೆಟ್ಟಿತು’ ಎನ್ನುತ್ತಾರೆ. ಇಬ್ಬರದೂ ನಿಜ. ಬೂದಿ ಕ್ಷಾರ. ಹುಳಿಯಾದ ಬಕೆಟ್ಟಿನಲ್ಲಿ ಅದು ಆಮ್ಲವನ್ನು ತಣಿಸುತ್ತದೆ. ಅಮೋನಿಯಾ ಇರುವ ಬಕೆಟ್ಟಿನಲ್ಲಿ, ನೀರಿನಲ್ಲಿ ಕರಗಿ ಸುಮ್ಮನಿದ್ದ ಅಮೋನಿಯಂ ಅನ್ನು ಅನಿಲವಾಗಿಸಿ ಹೊರದಬ್ಬುತ್ತದೆ. ಸುಣ್ಣದ ಕಥೆಯೂ ಅಷ್ಟೇ. ವಾಸನೆ ಯಾವುದೆಂದು ಕೇಳದೆ ಕೊಟ್ಟ ಸಲಹೆ ಎಷ್ಟೇ ಅನುಭವದಿಂದ ಬಂದಿದ್ದರೂ ಅರ್ಧ ಸಲ ತಪ್ಪುತ್ತದೆ.

ಈ ಗುಂಪುಗಳು ಬೆಂಗಳೂರಿನಲ್ಲಿ ಬೆಳೆದದ್ದಕ್ಕೆ ಕಾರಣವೂ ಕಸವೇ. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿದಾಗ ಊರಿನ ರಸ್ತೆಗಳಲ್ಲಿ ಕಸ ರಾಶಿಬಿತ್ತು. ನಗರದ ಕಸ ಸುರಿಯುತ್ತಿದ್ದ ಇನ್ನೊಂದು ಊರಾದ ಮಂಡೂರಿನ ಜನ ವರ್ಷಗಟ್ಟಲೆ ನಾತ ಸಹಿಸಿ, ಹೋರಾಡಿ, 2014ರ ಕೊನೆಗೆ ಕಸದ ಲಾರಿಗಳನ್ನು ನಿಲ್ಲಿಸಿದರು. ಎರಡು ಬುಟ್ಟಿ, ಒಂದು ಚೀಲದಲ್ಲಿ ಕಸ ಬೇರ್ಪಡಿಸುವ ಕ್ರಮ 2015ರ ಕೊನೆಯಲ್ಲಿ ಹೈಕೋರ್ಟಿನ ಆದೇಶದಿಂದ ಬಲ ಪಡೆಯಿತು. ಪೂನಂ ಬೀರ್ ಕಸ್ತೂರಿ ಅವರ ಡೈಲಿ ಡಂಪ್ ಸಂಸ್ಥೆ 2006ರಿಂದಲೇ ಮಣ್ಣಿನ ಗೊಬ್ಬರದ ಮಡಕೆಗಳನ್ನು ಮನೆಮನೆಗೆ ತಲುಪಿಸುತ್ತಿತ್ತು. ಆದರೆ ಮಡಕೆ ಕೊಂಡವರಲ್ಲಿ ಹಲವರು ಎರಡನೇ ವಾರ, ಮೊದಲ ಹುಳ ಕಂಡ ದಿನವೇ ಕೈಬಿಡುತ್ತಾರೆ. ಆ ದಿನ ರಾತ್ರಿ ಉತ್ತರ ಕೊಡಲು ಒಬ್ಬರು ಬೇಕು. ಗುಂಪು ನಿಜವಾಗಿ ಉಪಯೋಗಕ್ಕೆ ಬರುವುದು ಆಗ.

ಹುಳದ ವಿಷಯದಲ್ಲಿ ಮಾತ್ರ ಫೋಟೊ ಸಾಕು. ಪಕ್ಕದಲ್ಲೊಂದು ರೂಪಾಯಿ ನಾಣ್ಯ ಇಟ್ಟು ತೆಗೆದರೆ ಅಳತೆ ತಿಳಿಯುತ್ತದೆ. ಎರಡು ಸೆಂಟಿಮೀಟರ್ ಉದ್ದದ, ಚಪ್ಪಟೆ, ಗೆರೆಗೆರೆ ಮೈಯ, ಬೂದು-ಕಂದು ಹುಳವಾದರೆ ಅದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ಕಚ್ಚುವುದಿಲ್ಲ. ಕಸವನ್ನು ಗೊಬ್ಬರವಾಗುವ ಮೊದಲೇ ತಾನು ತಿಂದು ಕರಗಿಸುತ್ತದೆ. ಬೆಳೆದ ನೊಣ ಮನೆನೊಣದಂತೆ ಅಡುಗೆಮನೆಯ ಊಟದ ಮೇಲೆ ಬಂದು ಕೂರುವುದಿಲ್ಲ. ಹುಳ ಬಿಳಿಯಾಗಿ, ತೆಳ್ಳಗೆ, ಒಂದು ಕಡೆ ಚೂಪಾಗಿದ್ದರೆ ಅದು ಮನೆನೊಣದ್ದಿರಬಹುದು. ಹಸಿ ಕಸ ತೆರೆದು ಬಿದ್ದಿತ್ತು ಎಂದರ್ಥ. ಪ್ರತಿ ಸಲವೂ ಕಸದ ಮೇಲೆ ಎರಡು ಬೆರಳು ದಪ್ಪ ತರಗೆಲೆ ಮುಚ್ಚಿದರೆ ನೊಣಕ್ಕೆ ಮೊಟ್ಟೆಯಿಡಲು ಜಾಗ ಸಿಗದು. ಕೀಟನಾಶಕ ಸಿಂಪಡಿಸುವುದು ಮಾತ್ರ ದೊಡ್ಡ ತಪ್ಪು. ಆ ವಿಷ ಗೊಬ್ಬರದ ಜೊತೆ ಗಿಡದ ಬುಡಕ್ಕೇ ಹೋಗುತ್ತದೆ.

ಹೊಸದಾಗಿ ಶುರುಮಾಡುವವರಿಗೆ ಬೇಕಾದದ್ದು 20 ಲೀಟರಿನ ಮೂರು ಬಕೆಟ್. ಸುತ್ತಲೂ ನಾಲ್ಕು ಬೆರಳಿಗೊಂದರಂತೆ, ತಳದಲ್ಲಿ ಹತ್ತಾರು, 5–6 ಮಿಲಿಮೀಟರಿನ ತೂತು. ಅಡಿಯಲ್ಲಿ ರಸ ಹಿಡಿಯಲು ಒಂದು ತಟ್ಟೆ. ತಳಕ್ಕೆ ಮೂರು ಬೆರಳು ದಪ್ಪ ತೆಂಗಿನ ನಾರು ಅಥವಾ ತರಗೆಲೆ, ಅದರ ಮೇಲೆ ಒಂದೆರಡು ಹಿಡಿ ಹಳೆಯ ಗೊಬ್ಬರ. ಸಿಪ್ಪೆಗಳನ್ನು ಎರಡು-ಮೂರು ಸೆಂಟಿಮೀಟರಿಗೆ ಕತ್ತರಿಸಿ ಹಾಕಬೇಕು. ಮಾವಿನ ಓಟೆ, ತೆಂಗಿನ ಚಿಪ್ಪು ಬೇಡ. ವಾರಕ್ಕೆರಡು ಸಲ ತಳದಿಂದ ಮೇಲಕ್ಕೆ ಕೈಯಾಡಿಸಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಬರಬೇಕು. ಧಾರೆ ಸುರಿದರೆ ಎಲೆ ಸಾಲದು, ಹಿಡಿದದ್ದು ಉದುರಿ ಹೋದರೆ ನೀರು ಸಾಲದು. ನಾಲ್ಕು ಜನರ ಮನೆಯಲ್ಲಿ ಮೂರು-ನಾಲ್ಕು ವಾರಕ್ಕೆ ಒಂದು ಬಕೆಟ್ ತುಂಬುತ್ತದೆ. ಅದನ್ನು ಪಕ್ಕಕ್ಕಿಟ್ಟು ಎರಡನೆಯದಕ್ಕೆ, ಅದೂ ತುಂಬಿದರೆ ಮೂರನೆಯದಕ್ಕೆ ಹೋಗಬೇಕು. ತರಗೆಲೆ ಸಿಗದೆ ತೆಂಗಿನ ನಾರಿನ ಪುಡಿ ಬಳಸಿದರೆ ನೀರೇನೋ ಚೆನ್ನಾಗಿ ಹೀರುತ್ತದೆ, ಆದರೆ ಅದರಲ್ಲಿರುವ ಲಿಗ್ನಿನ್ ಎಂಬ ಗಟ್ಟಿ ಅಂಶ ಬೇಗ ಕರಗದು, ಕೊನೆಯವರೆಗೂ ಹಾಗೇ ಉಳಿಯುತ್ತದೆ.

ಆ ‘ಒಂದೆರಡು ಹಿಡಿ ಹಳೆಯ ಗೊಬ್ಬರ’ ಬಹಳ ಸಲ ಗುಂಪಿನಿಂದಲೇ ಬರುತ್ತದೆ. ಹೆಪ್ಪಿಗೆ ಮಜ್ಜಿಗೆ ಕೊಟ್ಟಂತೆ ಹಳಬರು ಪಕ್ಕದ ಬೀದಿಯ ಹೊಸಬರಿಗೆ ಒಂದು ಚೀಲ ಕೊಡುತ್ತಾರೆ. ಅದರೊಂದಿಗೆ ಅವರ ಬಕೆಟ್ಟಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳೂ ಮನೆ ಬದಲಾಯಿಸುತ್ತವೆ. ಚಳಿಗಾಲದ ಕೊನೆಗೆ ಹೊಂಗೆ ಎಲೆ ಉದುರಿಸುವಾಗ ‘ನಮ್ಮ ಪಾರ್ಕಿನಲ್ಲಿ ಹತ್ತು ಚೀಲ ಇದೆ, ಸುಡೋ ಮೊದಲು ಬನ್ನಿ’ ಎಂಬ ಸಂದೇಶಗಳು ಬರುತ್ತವೆ. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ಒಣ ಎಲೆಯನ್ನು ಆಗಲೇ ಕೂಡಿಡಬೇಕು. ಜೂನ್‌ನಲ್ಲಿ ಹುಡುಕಿದರೆ ಸಿಗುವುದು ನೆನೆದ ಎಲೆಯೇ. ಕಣ್ಣಾರೆ ನೋಡಿ, ಮೂಸಿ ಕಲಿಯಬೇಕೆನ್ನುವವರಿಗೆ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಗ್ರಹ ಕಲಿಕಾ ಕೇಂದ್ರದಲ್ಲಿ ಬಗೆಬಗೆಯ ಗೊಬ್ಬರದ ತೊಟ್ಟಿಗಳನ್ನು ಸಾಲಾಗಿ ಇಟ್ಟಿದ್ದಾರೆ.

ಗುಂಪುಗಳಲ್ಲಿ ಅತಿ ಹೆಚ್ಚು ಸಂಭ್ರಮ ತರುವ ಫೋಟೊ ತಾನಾಗಿ ಹುಟ್ಟಿದ ಕುಂಬಳದ ಬಳ್ಳಿಯದು. ಅದಕ್ಕೂ ಕಾರಣ ಉಷ್ಣತೆ. ದೊಡ್ಡ ರಾಶಿಯ ಒಳಗೆ ಕಾವು 55–65 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಬೀಜಗಳು ಬೆಂದುಹೋಗುತ್ತವೆ. 20 ಲೀಟರಿನ ಬಕೆಟ್ ಅಷ್ಟು ಕಾವನ್ನು ಹಿಡಿದಿಡಲಾರದು. ಹಾಗಾಗಿ ಟೊಮೆಟೊ, ಕುಂಬಳದ ಬೀಜಗಳು ಗೊಬ್ಬರದಲ್ಲಿ ಬದುಕಿರುತ್ತವೆ.

ಪಕ್ಕಕ್ಕಿಟ್ಟ ಬಕೆಟ್ ಇನ್ನೊಂದೂವರೆ-ಎರಡು ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಆಗ ಒಂದು ಹಿಡಿಯನ್ನು ಒದ್ದೆ ಮಾಡಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಮೂರು ದಿನ ಬಿಡಿ. ತೆರೆದಾಗ ಹುಳಿಯೋ ಅಮೋನಿಯಾವೋ ಮೂಗಿಗೆ ಬಡಿದರೆ ಇನ್ನೂ ಕಾಯಬೇಕು. ಸಿದ್ಧವಾದ ಗೊಬ್ಬರದಲ್ಲಿ ಆ್ಯಕ್ಟಿನೋಮೈಸೀಟ್ ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಮಾಡಿಟ್ಟಿರುತ್ತವೆ. ಮೊದಲ ಮಳೆಗೆ ನೆಲದಿಂದ ಏಳುವ ಘಮದಲ್ಲಿ ಇರುವುದೂ ಅದೇ. ಡಬ್ಬಿ ತೆರೆದವರು ‘ಮಳೆ ವಾಸನೆ’ ಎಂದು ಬರೆದು ಕಳಿಸಿದರೆ ಜರಡಿ ಹಿಡಿಯಲು ಹೇಳಬಹುದು.