ಐವತ್ತನೇ ಪುಟದ ಆಚೆಗೂ ನಗಬೇಕಲ್ಲ!

ಹಾಸ್ಯ ಕಾದಂಬರಿಯ ಹಸ್ತಪ್ರತಿ ತಿದ್ದುವುದಕ್ಕೆ ಬಂದರೆ ನಾನು ನೇರ ಐವತ್ತನೇ ಪುಟ ತೆಗೆಯುತ್ತೇನೆ. ಮೊದಲ ಅಧ್ಯಾಯ ಹೆಚ್ಚುಕಡಿಮೆ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಲಲಿತ ಪ್ರಬಂಧದಲ್ಲಿ ಪಳಗಿದ ಕೈಗಂತೂ ಹತ್ತು ಪುಟ ನಗಿಸುವುದು ದೊಡ್ಡ ಮಾತಲ್ಲ. ಪೇಚಾಟ ಶುರುವಾಗುವುದು ಆಮೇಲೆ. ಅದೇ ಚುರುಕು, ಪುಟಕ್ಕೆರಡು ಚಟಾಕಿ, ಆದರೂ ಓದುಗ ಆಕಳಿಸುತ್ತಾನೆ. ಏಕೆಂದರೆ ಚಟಾಕಿ ಹಾರಿದ ಕೂಡಲೇ ಮುಗಿದುಹೋಗುತ್ತದೆ, ಮುಂದಿನ ಪುಟಕ್ಕೆ ಏನನ್ನೂ ಉಳಿಸುವುದಿಲ್ಲ. ಇನ್ನೂರು ಪುಟ ನಡೆಯಬೇಕಾದರೆ ಇವತ್ತಿನ ನಗುವಿಗೆ ನಿನ್ನೆಯ ಎಡವಟ್ಟು ಕಾರಣವಾಗಬೇಕು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನಿವೃತ್ತ ಅಧಿಕಾರಿಯೊಬ್ಬರಿಗೆ ಒಂದೇ ಚಿಂತೆ: ತಾನು ಸತ್ತ ಮೇಲೆ ಶ್ರದ್ಧಾಂಜಲಿ ಸಭೆಯಲ್ಲಿ ಜನ ಬಾಯಿಗೆ ಬಂದದ್ದು ಮಾತಾಡಿಬಿಟ್ಟರೆ? ಹಾಗಾಗಿ ಭಾಷಣಗಳನ್ನು ಈಗಲೇ ಬರೆಸಿ, ತರಿಸಿ, ತಿದ್ದಲು ಕೂರುತ್ತಾರೆ. ಇಲ್ಲಿಯವರೆಗೆ ಇದು ಪ್ರಬಂಧದ ಸರಕು. ಭಾಷಣ ಬರೆಯದ ತಮ್ಮನ ಮೇಲೆ ಮುನಿಸು, ಬರೆದ ಗೆಳೆಯನಿಗೆ ಮೂರು ಸಲ ವಾಪಸು, ಯಾರ ಭಾಷಣ ಮೊದಲು ಎಂದು ಅಳಿಯಂದಿರ ನಡುವೆ ಜಗಳ ಅಂತಾದರೆ ಕಾದಂಬರಿ ಉಸಿರಾಡುತ್ತದೆ. ಕೊನೆಗೆ ಆ ಗೆಳೆಯನೇ ಮೊದಲು ತೀರಿಕೊಂಡು, ಇವರೇ ಎದ್ದು ನಿಂತು ಎರಡು ಮಾತಾಡಬೇಕಾಗಿ ಬಂದರೆ? ಅಷ್ಟೂ ಪುಟಗಳ ನಗು ಅಲ್ಲಿ ಇವರ ಗಂಟಲಿಗೆ ಬಂದು ಕೂರುತ್ತದೆ.

ಇದಕ್ಕೆಲ್ಲ ಒಂದೇ ಷರತ್ತು. ಅಧಿಕಾರಿಗೆ ತಾನು ಹಾಸ್ಯಪಾತ್ರ ಎಂಬುದು ಗೊತ್ತಿರಕೂಡದು. ಅವರ ಚಿಂತೆ ಅವರಿಗೆ ಜೀವನ್ಮರಣದ ಪ್ರಶ್ನೆ. 1605ರಲ್ಲಿ ಬಂದ ಸ್ಪೇನಿನ ಲೇಖಕ ಸರ್ವಾಂಟಿಸ್‌ನ ಕಾದಂಬರಿಯಲ್ಲಿ, ತಾನೊಬ್ಬ ವೀರಯೋಧನೆಂದು ಭ್ರಮಿಸಿದ ಡಾನ್ ಕ್ವಿಕ್ಸೋಟ್ ಗಾಳಿಗಿರಣಿಗಳ ಮೇಲೆ ಏರಿಹೋಗುವುದು ನಮ್ಮನ್ನು ನಗಿಸಲಿಕ್ಕಲ್ಲ, ಅವನ ಕಣ್ಣಿಗೆ ಅವು ನಿಜಕ್ಕೂ ರಾಕ್ಷಸರು. ಇನ್ನೂ ಸ್ವಾರಸ್ಯದ ಸಂಗತಿ 1615ರ ಎರಡನೇ ಭಾಗದಲ್ಲಿದೆ. ಅಷ್ಟರಲ್ಲಿ ಅವನ ಭ್ರಮೆ ಓದುಗರಿಗೆ ಹಳತು. ಸರ್ವಾಂಟಿಸ್ ಅದನ್ನೇ ಮತ್ತೆ ಹಿಗ್ಗಿಸಲಿಲ್ಲ. ಮೊದಲ ಭಾಗವನ್ನು ಓದಿಕೊಂಡಿರುವ ಡ್ಯೂಕ್ ದಂಪತಿಯನ್ನು ತಂದು, ಅವರೇ ಅವನ ಸುತ್ತ ನಾಟಕ ಹೂಡುವಂತೆ ಮಾಡಿದ. ಯಾರನ್ನು ನೋಡಿ ನಗುತ್ತಿದ್ದೇವೆ ಎಂಬ ಅನುಮಾನ ಓದುಗನಿಗೇ ಹುಟ್ಟುತ್ತದೆ. ನಡುಭಾಗ ಜೋತುಬಿದ್ದಿದೆ ಎಂದು ಕೊರಗುವವರಿಗೆ ನಾನು ಓದಿ ಎನ್ನುವುದು ಈ ಎರಡನೇ ಭಾಗವನ್ನೇ.

ಇಂಥ ಹೆಣಿಗೆ ಬರೆಯುತ್ತ ಬರೆಯುತ್ತ ತಾನಾಗಿ ಬರುವುದು ಅಪರೂಪ. ಇಂಗ್ಲಿಷಿನ ಹಾಸ್ಯ ಲೇಖಕ ಪಿ.ಜಿ. ವುಡ್‌ಹೌಸ್ ಒಂದು ಕಾದಂಬರಿಗೆ ಕೈಹಾಕುವ ಮೊದಲು 400 ಪುಟಗಳಷ್ಟು ಟಿಪ್ಪಣಿ ಮಾಡಿಕೊಳ್ಳುತ್ತಿದ್ದುದಾಗಿ ಹೇಳಿಕೊಂಡಿದ್ದಾರೆ. ಓದುವಾಗ ಸಲೀಸಾಗಿ ಹರಿದಂತೆ ಕಾಣುವ ಗದ್ಯದ ಹಿಂದಿನ ದುಡಿಮೆ ಅದು.

ಇನ್ನು ವಾಕ್ಯದ ಮಟ್ಟದ ರಗಳೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಎಂದು’ ಬಾಲದಂತೆ ಅಂಟಿಕೊಳ್ಳುತ್ತದೆ. ಕರಡಿನಲ್ಲಿ ಹೀಗಿತ್ತು ಅಂದುಕೊಳ್ಳಿ: ‘ಭಾಷಣದ ಪಕ್ಕದಲ್ಲಿ ಇಲ್ಲಿ ಗದ್ಗದಿತರಾಗಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದನ್ನು ಕಂಡು ಗೆಳೆಯನಿಗೆ ನಗು ತಡೆಯಲಾಗಲಿಲ್ಲ.’ ನಗೆ ನಡುವೆಯೇ ಸಿಡಿದು, ಉಳಿದ ಅರ್ಧ ವಾಕ್ಯ ಹೊಗೆ. ತಿದ್ದಿದರೆ: ‘ಭಾಷಣ ವಾಪಸು ಬಂತು. ಪಕ್ಕದಲ್ಲಿ ಕೆಂಪು ಶಾಯಿ: ಇಲ್ಲಿ ಗದ್ಗದಿತರಾಗಬೇಕು.’ ಅಷ್ಟೇ. ಗೆಳೆಯ ನಕ್ಕನೆಂದು ಹೇಳಿದರೆ ಓದುಗ ನಗುವುದಿಲ್ಲ. ಆಶ್ಚರ್ಯಸೂಚಕ ಚಿಹ್ನೆಯೂ ಅದೇ ಜಾತಿ (ಈ ಅಂಕಣದ ಶೀರ್ಷಿಕೆಯನ್ನು ಕ್ಷಮಿಸಿ).

ಲೇಖಕರಿಗೆ ಹೊಟ್ಟೆ ಉರಿಯುವುದು ಒಳ್ಳೆಯ ಚಟಾಕಿಗಳನ್ನೂ ನಾನು ಹೊಡೆದುಹಾಕಿದಾಗ. ಕೆಟ್ಟದ್ದನ್ನು ಅವರೇ ತೆಗೆದಿರುತ್ತಾರೆ. ಆದರೆ ಅಧಿಕಾರಿಯ ಬಾಯಲ್ಲಿ ಲೇಖಕರ ಜಾಣ್ಮೆ ಮಾತಾಡತೊಡಗಿದರೆ, ಸಾಲು ಎಷ್ಟೇ ಚೆಂದವಿದ್ದರೂ ಪಾತ್ರ ಸತ್ತಂತೆ.

ಕೊನೆಯ ತೊಂದರೆ ಲೇಖಕರದ್ದೇ. ನಾಲ್ಕೈದು ಕರಡು ದಾಟುವಷ್ಟರಲ್ಲಿ ತಮ್ಮ ಬರಹ ಅವರಿಗೆ ಎಲ್ಲೂ ನಗು ತರಿಸುವುದಿಲ್ಲ. ದಿಗಿಲಾಗಿ, ಹಳೆಯ ನಗೆಯ ಮೇಲೆ ಹೊಸದನ್ನು ಹೇರುತ್ತಾರೆ, ಎರಡೂ ಕೆಡುತ್ತವೆ. ಅದಕ್ಕೇ ಮೊದಲ ಕರಡನ್ನು ಮುಲಾಜಿಲ್ಲದ ಒಬ್ಬರ ಎದುರು ಗಟ್ಟಿಯಾಗಿ ಓದಿ, ಅವರು ನಕ್ಕ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ ಎನ್ನುತ್ತೇನೆ. ಮುಂದೆ ಏನನ್ನು ಬೇಕಾದರೂ ತಿದ್ದಿ, ಆ ಗುರುತುಗಳ ತಂಟೆಗೆ ಹೋಗಬೇಡಿ.